ಮೊದಲು ಮನೆ ನೋಡಿ, ಆಮೇಲೆ ಗಿಡ ತನ್ನಿ: ಬಿಸಿಲೂರಿನ ಮನೆಯೊಳಗೆ ಬದುಕುವ ಗಿಡ ಆರಿಸುವ ಕ್ರಮ

ಬಳ್ಳಾರಿಯ ನಮ್ಮ ಓಣಿಯಲ್ಲಿ ವರ್ಷಕ್ಕೆ ಹತ್ತು ಮನೆಯವರಾದರೂ ಇದೇ ಮಾತು ಹೇಳುತ್ತಾರೆ: "ದಿನಾ ನೀರು ಹಾಕ್ತೀನ್ರೀ, ಆದ್ರೂ ಗಿಡ ಒಣಗ್ತೈತಿ." ಹೋಗಿ ನೋಡಿದರೆ ಗಿಡ ಒಣಗಿರುವುದಿಲ್ಲ, ಬೇರು ಕೊಳೆತಿರುತ್ತದೆ. ಇಲ್ಲವೇ ನೆರಳಿನ ಗಿಡವೊಂದು ಪಶ್ಚಿಮದ ಕಿಟಕಿಯಲ್ಲಿ ಕೂತು ಬೆಂದಿರುತ್ತದೆ. ತಪ್ಪು ಎಲ್ಲರದೂ ಒಂದೇ. ಮೊದಲು ಗಿಡ ತರುತ್ತಾರೆ, ಆಮೇಲೆ ಎಲ್ಲಿಡೋದು ಅಂತ ಮನೆಯೆಲ್ಲ ಓಡಾಡುತ್ತಾರೆ.

ನಾನೂ ಹಾಗೇ ಮಾಡಿದವನು. ಅದೂ ಏಪ್ರಿಲ್‌ನಲ್ಲಿ, ಗಾಳಿ ಶುದ್ಧ ಮಾಡುವ ಐದು ಗಿಡ ಅನ್ನೋ ವಿಡಿಯೊ ನೋಡಿ ಐದನ್ನೂ ಒಟ್ಟಿಗೆ ತಂದೆ. ಮಳೆ ಬರುವ ಹೊತ್ತಿಗೆ ಉಳಿದದ್ದು ಒಂದು ಸ್ನೇಕ್ ಪ್ಲಾಂಟ್, ಕತ್ತಿಯಂಥ ಉದ್ದ ಎಲೆಯ ಗಿಡ. ಅದೂ ಬಾಗಿಲ ಹಿಂದೆ ಇಟ್ಟು ಮರೆತಿದ್ದರಿಂದ ಉಳಿಯಿತು.

ಹಾಗಾಗಿ ಇಲ್ಲಿ ಕ್ರಮ ಮುಖ್ಯ. ಬೆಳಕು, ನೀರು, ಮನೆಯಲ್ಲಿ ಇರುವವರು, ಗಿಡದಿಂದ ನಿಮಗೆ ಬೇಕಾದ್ದು, ಇಷ್ಟಾದ ಮೇಲೆ ಗಿಡದ ಹೆಸರು. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಅಂತಲೇ ಬರೆದಿದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಬೆಂಗಳೂರಿನವರ ಸಲಹೆ ಹೊಂದಲ್ಲ.

ಶುರು ಮಾಡುವ ಮುಂಚೆ ಕೈಗೆ ಬೇಕಾದ್ದು

ಒಂದು ಬಿಳಿ ಹಾಳೆ. ನಾಲ್ಕೈದು ಪೊರಕೆ ಕಡ್ಡಿ. ತಳದಲ್ಲಿ ತೂತಿರುವ ಕುಂಡ, ಅದರ ಕೆಳಗೊಂದು ತಟ್ಟೆ. ಎಲೆ ಒರೆಸಲು ಹಳೆಯ ಬನಿಯನ್ ಬಟ್ಟೆ. ಒಂದು ಸ್ಪ್ರೇ ಬಾಟಲಿ, ಒಂದು ಸೀಸೆ ಬೇವಿನ ಎಣ್ಣೆ. ಇಷ್ಟೇ ಸಾಕು. ತೇವ ಅಳೆಯುವ ಅಗ್ಗದ ಮೀಟರ್ ಕೊಳ್ಳಬೇಡಿ. ನಮ್ಮ ಉಪ್ಪಿನ ಮಣ್ಣಿನಲ್ಲಿ ಅದು ಸುಳ್ಳು ಹೇಳುವುದೇ ಜಾಸ್ತಿ.

ಹಂತ 1: ಮನೆಯ ಬೆಳಕು ನೋಡಿ

ಬೆಳಗ್ಗೆ 9, ಮಧ್ಯಾಹ್ನ 1, ಸಂಜೆ 4, ಈ ಮೂರು ಹೊತ್ತು ಗಿಡ ಇಡಬೇಕು ಅಂದುಕೊಂಡ ಜಾಗಕ್ಕೆ ಹೋಗಿ. ಬಿಳಿ ಹಾಳೆ ಇಟ್ಟು ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಗೆರೆ ಕೊರೆದ ಹಾಗೆ ಕಂಡರೆ ಅದು ಜೋರು ಬೆಳಕು. ಮಸುಕಾಗಿ ಕಂಡರೆ ನಡುವಿನ ಬೆಳಕು. ನೆರಳೇ ಕಾಣದಿದ್ದರೆ ಅದು ಗಿಡಕ್ಕೆ ಕತ್ತಲೆ, ನಿಮಗೆ ಪೇಪರ್ ಓದಲು ಬಂದರೂ ಸರಿ.

ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣದು. ಪಡಸಾಲೆ ತಂಪಾಗಿರುತ್ತದೆ ಅಂತ ಗಿಡ ಅಲ್ಲಿಡುತ್ತಾರೆ. ಮಧ್ಯಾಹ್ನ ಬಿಸಿಗಾಳಿಗೆ ಕಿಟಕಿ ಮುಚ್ಚಿದ ಮೇಲೆ ಅಲ್ಲಿ ಬೆಳಕೇ ಇರಲ್ಲ. ಏಪ್ರಿಲ್, ಮೇನಲ್ಲಿ ದಿನಕ್ಕೆ ಎಷ್ಟು ಗಂಟೆ ಕಿಟಕಿ ತೆರೆದಿರುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. ಬೆಳಕಿಂಡಿ ಇದ್ದರೆ ಅದರ ಕೆಳಗಿನ ಜಾಗ ಚಿನ್ನ.

ದಿಕ್ಕಿನ ವಿಷಯದಲ್ಲಿ ಒಂದು ಮಾತು. ಉತ್ತರದ ಕಿಟಕಿಗೆ ಬಿಸಿಲು ಬರಲ್ಲ ಅಂತ ನೀವು ಓದಿರಬಹುದು. ಅದು ಯುರೋಪಿನವರಿಗೆ ಬಹುಮಟ್ಟಿಗೆ ಸರಿ. ನಾವಿರುವುದು 15–16 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಸಂಜೆಯಂತೂ ಉತ್ತರದ ಕಿಟಕಿಗೆ ಓರೆ ಬಿಸಿಲು ಬಿದ್ದೇ ಬೀಳುತ್ತದೆ. ಡಿಸೆಂಬರ್‌ನಲ್ಲಿ ಹೂವಿನಂತೆ ಇದ್ದ ಗಿಡ ಮೇನಲ್ಲಿ ಯಾಕೆ ಸುಟ್ಟಿತು ಅಂದರೆ ಇದಕ್ಕೇ. ಚಳಿಗಾಲದಲ್ಲಿ ಇದರ ಉಲ್ಟಾ, ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳತನಕ ಬರುತ್ತದೆ.

ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಪಶ್ಚಿಮದ ಕಿಟಕಿ ಬೇಸಿಗೆಯಲ್ಲಿ ಒಲೆ ಇದ್ದಂತೆ. ಅಲ್ಲಿ ಗಾಜಿಗೆ ಎಲೆ ತಾಕದಂತೆ ಎರಡು ಅಡಿ ಹಿಂದಿಡಿ, ಇಲ್ಲ ತೆಳುವಾದ ಪರದೆ ಹಾಕಿ.

ಹಂತ 2: ನಿಮ್ಮ ನೀರು ಯಾವುದು?

ಜನ ಈ ಹಂತ ಬಿಡುತ್ತಾರೆ, ಇಲ್ಲೇ ಸೋಲುತ್ತಾರೆ. ಗಿಡಕ್ಕೆ ಹಾಕುವುದು ಹೊಳೆ ನೀರೋ, ಬೋರ್ ನೀರೋ? ಬಕೆಟ್ಟಿನ ಅಂಚಿಗೆ, ನಲ್ಲಿಯ ಮೂತಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ಅದು ಗಡಸು ನೀರು. ಅದೇ ಉಪ್ಪು ಕುಂಡದಲ್ಲೂ ಕೂರುತ್ತದೆ. ಜೊತೆಗೆ ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು, ಮೂಳೆಗೆ ಅದು ಏನು ಮಾಡುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಗಿಡಕ್ಕೂ ಅದು ಆಗಿಬರಲ್ಲ. ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಫ್ಲೋರೈಡ್‌ಗೆ ಸಿಕ್ಕಾಪಟ್ಟೆ ಸೂಕ್ಷ್ಮ. ಎಲೆಯ ತುದಿ ಕಂದಾಗಿ ಸುಡುತ್ತಾ ಹೋಗುತ್ತದೆ. ಮನೆಯವರು ನೀರು ಕಮ್ಮಿ ಆಯ್ತು ಅಂತ ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ!

ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟು ಹಾಕಿ ಅಂತ ಹೇಳುವುದುಂಟು. ಅದರಿಂದ ಕ್ಲೋರಿನ್ ವಾಸನೆ ಹೋಗುತ್ತದೆ ಅಷ್ಟೇ. ಉಪ್ಪು ಹೋಗಲ್ಲ, ಫ್ಲೋರೈಡ್ ಹೋಗಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ.

ಮತ್ತೆ ಯಾವ ನೀರು? ಮಳೆ ನೀರು ಸಿಕ್ಕರೆ ಹಿಡಿದಿಡಿ, ಡ್ರಮ್ಮಿನ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರು ಗಿಡಕ್ಕೆ ಬಹಳ ಒಳ್ಳೆಯದು. ಅದು ಗಾಳಿಯ ತೇವ ತಣಿದು ಬಂದ ನೀರು, ಅದರಲ್ಲಿ ಉಪ್ಪು ಇರುವುದಿಲ್ಲ ಅಂದರೂ ನಡೆಯುತ್ತದೆ. ಕೂಲರ್ ಟ್ಯಾಂಕಿನ ನೀರು ಮಾತ್ರ ಬೇಡ. ಕೂಲರ್‌ನಲ್ಲಿ ನೀರು ಆವಿಯಾಗಿ ಹೋಗಿ ಉಪ್ಪು ತಳದಲ್ಲೇ ಉಳಿಯುತ್ತದೆ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರೂ ಅಷ್ಟೇ.

ಬೋರ್ ನೀರು ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಸ್ಪೈಡರ್ ಪ್ಲಾಂಟ್, ಡ್ರಸೀನಾ, ಅರೆಕಾ ಪಾಮ್ ಈ ಮೂರನ್ನೂ ಈಗಲೇ ಪಟ್ಟಿಯಿಂದ ಹೊಡೆದು ಹಾಕಿ. ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಲೋಳೆಸರ ತಡೆದುಕೊಳ್ಳುತ್ತವೆ.

ಹಂತ 3: ಮನೆಯಲ್ಲಿ ಯಾರ್ಯಾರಿದ್ದಾರೆ?

ಅಂಬೆಗಾಲಿಡುವ ಕೂಸು, ಬೆಕ್ಕು, ನಾಯಿ, ದಮ್ಮು ಇರುವ ಅಜ್ಜ. ಈ ನಾಲ್ವರಲ್ಲಿ ಯಾರಿದ್ದರೂ ಪಟ್ಟಿ ಬದಲಾಗುತ್ತದೆ.

ಅಗಲ ಎಲೆಯ ಮೇಲೆ ಬಿಳಿ ಚುಕ್ಕೆ ಇರುವ ಡೀಫನ್‌ಬಾಕಿಯಾ ನೋಡಲು ಚೆಂದ, ಎಲ್ಲ ನರ್ಸರಿಯಲ್ಲೂ ಸಿಗುತ್ತದೆ. ಸುವರ್ಣಗಡ್ಡೆ ಹೆಚ್ಚುವಾಗ ಕೈ ಯಾಕೆ ತುರಿಸುತ್ತದೆಯೋ ಅದೇ ಸೂಜಿಯಂಥ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ. ಕೂಸು ಎಲೆ ಕಚ್ಚಿದರೆ ಬಾಯಿ, ನಾಲಗೆ ಊದಿಕೊಳ್ಳುತ್ತದೆ. ಮನಿ ಪ್ಲಾಂಟ್, ಪೀಸ್ ಲಿಲಿ, ಸಿಂಗೋನಿಯಂ, ಜೀಜೀ ಪ್ಲಾಂಟ್‌ನಲ್ಲೂ ಈ ಹರಳು ಇರುತ್ತದೆ. ಇವನ್ನು ತರಲೇಬಾರದು ಅಂತಲ್ಲ, ಕೈಗೆ ಸಿಗದ ಎತ್ತರದಲ್ಲಿಡಿ. ಡೀಫನ್‌ಬಾಕಿಯಾ ಮಾತ್ರ ಮಕ್ಕಳ ಮನೆಗೆ ಬೇಡವೇ ಬೇಡ. ಕಣಗಿಲೆ ಮತ್ತು ಅಡೀನಿಯಂ ಒಂದೇ ಕುಟುಂಬದವು, ಅವುಗಳ ಹಾಲು ಹೃದಯಕ್ಕೇ ವಿಷ.

ಮಗು ಎಲೆ ಕಚ್ಚಿತು ಅಂತಾದರೆ ಬಾಯಿ ತೊಳೆಸಿ, ತಣ್ಣೀರು ಗುಟುಕರಿಸಿ. ವಾಂತಿ ಮಾಡಿಸಬೇಡಿ. ಅದೇ ಗಿಡದ ಎಲೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆ ಯಾವ ಗಿಡ ಅಂತಲೇ.

ಬೆಕ್ಕು, ನಾಯಿ ಇರುವ ಮನೆಗೆ ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್ ವಿಷವಲ್ಲ. ಲೋಳೆಸರ, ದೊಡ್ಡಪತ್ರೆ ನಮಗೆ ಮನೆಮದ್ದು, ಬೆಕ್ಕು ನಾಯಿ ತಿಂದರೆ ವಾಂತಿ.

ದಮ್ಮು, ಅಲರ್ಜಿ ಇರುವವರ ಕೋಣೆಯಲ್ಲಿ ಸದಾ ಒದ್ದೆಯಾಗಿರುವ ಮಣ್ಣು ಇರಬಾರದು. ಅದರ ಮೇಲೆ ಬೂಷ್ಟು ಬೆಳೆಯುತ್ತದೆ, ಆಮೇಲೆ ಗಿಡ ತಂದಿದ್ದೇ ತಪ್ಪಾಯ್ತು ಅನ್ನಿಸುತ್ತದೆ. ರಾತ್ರಿರಾಣಿಯಂಥ ಗಾಢ ವಾಸನೆಯ ಹೂವೂ ಅಲ್ಲಿ ಬೇಡ.

ಹಂತ 4: ಗಿಡದಿಂದ ಏನು ಬೇಕು ಅಂತ ಬಾಯಿಬಿಟ್ಟು ಹೇಳಿ

"ಗಾಳಿ ಶುದ್ಧ ಆಗಬೇಕು" ಅನ್ನುವುದು ನಿಮ್ಮ ಉತ್ತರವಾದರೆ ಸ್ವಲ್ಪ ನಿಲ್ಲಿ. ಆ ಮಾತು ಬಂದಿದ್ದು 1989ರ ನಾಸಾ ಪರೀಕ್ಷೆಯಿಂದ. ಅಲ್ಲಿ ಗಿಡ ಇಟ್ಟಿದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆ ಪೆಟ್ಟಿಗೆ ಅಲ್ವಲ್ಲ. ಅಂಥ ಹಳೆಯ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು. ಮನೆಗೆ ಸಹಜವಾಗಿ ಬಂದು ಹೋಗುವ ಗಾಳಿ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಅಂದರೆ ಹತ್ತಡಿಗೆ ಹತ್ತಡಿ ಕೋಣೆಗೆ ಕಡಿಮೆ ಅಂದರೂ ತೊಂಬತ್ತು ಕುಂಡ. ಮಲಗುವುದೆಲ್ಲಿ? ಬೆಳಗಿನ ತಂಪಿನಲ್ಲಿ ಎದುರು ಬದುರಿನ ಕಿಟಕಿ ಅರ್ಧ ಗಂಟೆ ತೆರೆದರೆ ಆ ಕೆಲಸ ಪುಕ್ಕಟೆ ಆಗುತ್ತದೆ.

ರಾತ್ರಿ ಆಮ್ಲಜನಕ ಕೊಡುತ್ತದೆ ಅಂತ ಸ್ನೇಕ್ ಪ್ಲಾಂಟನ್ನು ತಲೆದಿಂಬಿನ ಹತ್ತಿರ ಇಡುತ್ತಾರೆ. ಅದೂ ಲೋಳೆಸರವೂ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರುವುದು ನಿಜ. ಆದರೆ ಒಂದೆರಡು ಕುಂಡದಿಂದ ಕೋಣೆಯ ಗಾಳಿಗೆ ಎಣಿಸುವಷ್ಟು ವ್ಯತ್ಯಾಸ ಆಗಲ್ಲ. ಹಾಗೇ, ರಾತ್ರಿ ಕೋಣೆಯಲ್ಲಿ ಗಿಡ ಇದ್ದರೆ ಉಸಿರು ಕಟ್ಟುತ್ತದೆ ಅನ್ನುವುದೂ ಸುಮ್ನೆ ಹೆದರಿಕೆ. ಪಕ್ಕದಲ್ಲಿ ಮಲಗಿದ ಮನುಷ್ಯ ಗಿಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ.

ಹಾಗಾದರೆ ಲಾಭ ಎಲ್ಲಿದೆ? ಕಣ್ಣಿಗಿದೆ, ಕೈಗಿದೆ, ಅಡುಗೆಗಿದೆ. 1984ರಲ್ಲಿ ಬಂದ ಒಂದು ಹೆಸರಾದ ಅಧ್ಯಯನದಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳು, ಇಟ್ಟಿಗೆ ಗೋಡೆ ನೋಡುತ್ತಾ ಮಲಗಿದ್ದವರಿಗಿಂತ ಬೇಗ ಮನೆಗೆ ಹೋದರು, ಗಟ್ಟಿ ನೋವಿನ ಮದ್ದೂ ಅವರಿಗೆ ಕಡಿಮೆ ಬೇಕಾಯಿತು. ಅದು ಹೊರಗಿನ ಮರದ ಮಾತು, ಕುಂಡದ್ದಲ್ಲ. ಆದರೂ ಗಿಡವನ್ನು ಮೂಲೆಯ ಅಲಂಕಾರ ಮಾಡದೆ ಅಜ್ಜಿ ಮಲಗುವ ಕಡೆಯಿಂದ, ನೀವು ಕೂತು ಕೆಲಸ ಮಾಡುವ ಕಡೆಯಿಂದ ಕಣ್ಣಿಗೆ ಬೀಳುವ ಹಾಗೆ ಇಡಿ ಅನ್ನಲು ನನಗೆ ಅಷ್ಟು ಸಾಕು. ನಿವೃತ್ತರಾಗಿ ಮನೆಯಲ್ಲಿರುವ ನಮ್ಮ ಮಾವನಿಗೆ ನಾಲ್ಕು ಕುಂಡ ಒಪ್ಪಿಸಿದ್ದೇನೆ. ಬೆಳಗ್ಗೆ ಟಿವಿಗೆ ಮೊದಲು ಅವರು ಕಡ್ಡಿ ಚುಚ್ಚಿ ಮಣ್ಣು ನೋಡುತ್ತಾರೆ.

ಔಷಧಿಯ ಆಸೆಗೆ ಗಿಡ ತರುವವರಿಗೆ ಎರಡು ಎಚ್ಚರಿಕೆ. ಲೋಳೆಸರದ ಎಲೆ ಕೊಯ್ದಾಗ ಇಳಿಯುವ ಹಳದಿ ರಸ ಭೇದಿ ಮಾಡಿಸುತ್ತದೆ, ಗರ್ಭಿಣಿಯರಿಗಂತೂ ಬೇಡ. ಎಲೆಯನ್ನು ಹತ್ತು ನಿಮಿಷ ನಿಲ್ಲಿಸಿ, ರಸ ಇಳಿಸಿ, ಒಳಗಿನ ಲೋಳೆಯನ್ನು ಚರ್ಮಕ್ಕೆ ಮಾತ್ರ ಹಚ್ಚಿ. ಇನ್ನು ಇನ್ಸುಲಿನ್ ಗಿಡ ಅಂತ ಮಾರುವ ಗಿಡದ ಎಲೆ ತಿಂದು ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಬೇಡಿ.

ಹಂತ 5: ಈಗ ಗಿಡದ ಹೆಸರು

ನೆರಳು ಮಸುಕಾಗಿ ಬೀಳುವ ಪಡಸಾಲೆಗೆ ಸ್ನೇಕ್ ಪ್ಲಾಂಟ್ ಅಥವಾ ಜೀಜೀ ಪ್ಲಾಂಟ್. ಎರಡೂ ಮರೆಗುಳಿಗಳ ಗಿಡ. ನೀವು ಮೊದಲ ಸಲ ಬೆಳೆಸುತ್ತಿದ್ದರೆ ಬೇರೆ ಯಾವುದನ್ನೂ ನೋಡಬೇಡಿ, ಒಂದು ಸ್ನೇಕ್ ಪ್ಲಾಂಟ್ ತಂದು ಆರು ತಿಂಗಳು ಬದುಕಿಸಿ. ನೆರಳೇ ಬೀಳದ ಜಾಗಕ್ಕೆ ಯಾವ ಗಿಡವೂ ಇಲ್ಲ, ಚಿತ್ರ ತೂಗುಹಾಕಿ.

ಪೂರ್ವದ ಕಿಟಕಿ ಇದ್ದರೆ ನೀವು ಅದೃಷ್ಟವಂತರು. ಮನಿ ಪ್ಲಾಂಟ್, ಒಳ್ಳೆಯ ನೀರಿದ್ದರೆ ಸ್ಪೈಡರ್ ಪ್ಲಾಂಟ್, ಅಡುಗೆಮನೆಯಾದರೆ ಪುದೀನಾ ಮತ್ತು ದೊಡ್ಡಪತ್ರೆ. ಸಂತೆಯಿಂದ ತಂದ ಪುದೀನಾ ಕಟ್ಟಿನ ದಪ್ಪ ಕಡ್ಡಿಗಳನ್ನು ನೀರಿನಲ್ಲಿ ಇಟ್ಟರೆ ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ. ದೊಡ್ಡಪತ್ರೆಯ ತುಂಡನ್ನು ನೇರ ಮಣ್ಣಿಗೆ ಚುಚ್ಚಿದರೂ ಸಾಕು. ಚಳಿಗಾಲದ ಕೆಮ್ಮಿಗೆ ಎಲೆ, ಬೇಸಿಗೆಗೆ ತಂಬುಳಿ ಅಥವಾ ಚಟ್ನಿ. ಎಲ್ಲದಕ್ಕಿಂತ ಬೇಗ ಉಪಯೋಗ ಕಾಣುವ ಗಿಡ ಇದೇ, ಯಾವ ವಿಡಿಯೊದವರೂ ಇದರ ಹೆಸರು ಹೇಳಲ್ಲ.

ಪಶ್ಚಿಮ, ದಕ್ಷಿಣದ ಜೋರು ಬೆಳಕಿಗೆ ಲೋಳೆಸರ. ಮಜ್ಜಿಗೆ ಹುಲ್ಲು, ತುಳಸಿ, ಕರಿಬೇವು ಒಳಗಿನ ಗಿಡಗಳಲ್ಲ. ಅವಕ್ಕೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು, ಕಟ್ಟೆ ಇಲ್ಲ ಮಾಳಿಗೆಯೇ ಗತಿ. ದೇವರ ಕೋಣೆಯಲ್ಲಿಟ್ಟ ತುಳಸಿ ಒಣಗಿತು ಅಂತ ಮನಸ್ಸಿಗೆ ಹಚ್ಚಿಕೊಂಡವರನ್ನು ನೋಡಿದ್ದೇನೆ. ಅಪಶಕುನ ಏನಿಲ್ಲ, ಬಿಸಿಲು ಸಿಗಲಿಲ್ಲ ಅಷ್ಟೇ.

ಬಚ್ಚಲ ಕಿಟಕಿಯಲ್ಲಿ ಬೆಳಕಿದ್ದರೆ ಅದು ನಮ್ಮ ಊರಿನ ಮಲೆನಾಡು. ತೇವ ಬೇಡುವ ವೀಳ್ಯದೆಲೆ ಬಳ್ಳಿ, ಪೀಸ್ ಲಿಲಿ ಅಲ್ಲಿ ನಗುತ್ತವೆ.

ಹಂತ 6: ಕೊಳ್ಳುವ ಹೊತ್ತು, ಕೊಳ್ಳುವ ರೀತಿ

ಯುಗಾದಿಯಿಂದ ಮಿರಗದ ಮಳೆ ಬೀಳುವ ತನಕ ಗಿಡ ಕೊಳ್ಳಬೇಡಿ. ಇಲ್ಲಿಗೆ ಬರುವ ಎಷ್ಟೋ ಗಿಡಗಳು ಆಂಧ್ರದ ಗೋದಾವರಿ ಸೀಮೆಯ ಕಡಿಯಂ ನರ್ಸರಿಗಳವು. ಅಲ್ಲಿನ ತೇವದ ಗಾಳಿಯಲ್ಲಿ ಬೆಳೆದದ್ದು ನಮ್ಮ ಒಣ ಬಿಸಿಗಾಳಿಗೆ ಬಂದಾಗ ಎಲೆ ಉದುರಿಸದೆ ಇನ್ನೇನು ಮಾಡುತ್ತದೆ? ಜೂನ್ ಕೊನೆಯಿಂದ ಜನವರಿ ತನಕ ಒಳ್ಳೆಯ ಕಾಲ.

ಎಲೆಯ ಅಡಿಭಾಗ ತಿರುಗಿಸಿ ನೋಡಿ. ಹತ್ತಿಯಂಥ ಬಿಳಿ ಗಂಟು, ಸಣ್ಣ ಬಲೆ, ಅಂಟು ಕಂಡರೆ ಬಿಡಿ. ಹೊಸ ಚಿಗುರು ಇರಬೇಕು. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಇಡೀ ಗಿಡ ತೂಗಾಡಿದರೆ ಬೇರಿಲ್ಲ ಅಂತ ಅರ್ಥ. ದೊಡ್ಡ ಗಿಡಕ್ಕೆ ಆಸೆ ಪಡಬೇಡಿ, ಸಣ್ಣದು ಬೇಗ ಒಗ್ಗುತ್ತದೆ. ಎಲೆಗೆ ಎಣ್ಣೆ ಹಚ್ಚಿದಂತೆ ಹೊಳಪು ಕೊಟ್ಟಿದ್ದರೆ ಬೆರಳಿಂದ ಒರೆಸಿ ನೋಡಿ.

ಬೈಕಿನಲ್ಲಿ ಮಧ್ಯಾಹ್ನ ತರಬೇಡಿ. ಅರ್ಧ ಗಂಟೆಯ ಬಿಸಿಗಾಳಿಗೇ ಎಲೆ ಬೆಂದು ಹೋಗುತ್ತದೆ. ಸಂಜೆ ಹೋಗಿ, ಪೇಪರ್ ಸುತ್ತಿ ತನ್ನಿ.

ಹಂತ 7: ಮಣ್ಣು ಮತ್ತು ಕುಂಡ

ಹೊಲದ ಎರೆ ಮಣ್ಣು ಹತ್ತಿಗೆ, ಜೋಳಕ್ಕೆ ಬಂಗಾರ. ಕುಂಡಕ್ಕೆ ಅದು ಬೇಡ. ಒದ್ದೆಯಾದರೆ ಅಂಟಾಗಿ ಬೇರಿಗೆ ಗಾಳಿ ಬಿಡಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೊಳೆದ ದಪ್ಪ ಉಸುಕು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಗಂಗಾವತಿ, ಸಿಂಧನೂರು ಕಡೆಯವರು ಕೋಕೋಪೀಟ್ ಬದಲು ರೈಸ್ ಮಿಲ್ಲಿನ ಭತ್ತದ ಹೊಟ್ಟು ಹಾಕಬಹುದು, ಮಣ್ಣು ಸಡಿಲಾಗುತ್ತದೆ. ಮಿಲ್ಲಿನ ಬೂದಿ ಬೇಡ, ಅದು ಕ್ಷಾರ, ನಮ್ಮ ಮಣ್ಣು ನೀರು ಮೊದಲೇ ಆ ಕಡೆಗಿವೆ. ಲೋಳೆಸರ, ಸ್ನೇಕ್ ಪ್ಲಾಂಟ್‌ಗೆ ಉಸುಕು ಇಮ್ಮಡಿ ಮಾಡಿ, ಕೋಕೋಪೀಟ್ ಬಿಡಿ.

ನೀರು ಹಾಕುವ ಚಟ ಇರುವವರು ಮಣ್ಣಿನ ಕುಂಡ ಕೊಳ್ಳಿ, ಅದು ಬೇಗ ಆರುತ್ತದೆ. ಮರೆಯುವವರಿಗೆ ಪ್ಲಾಸ್ಟಿಕ್ ಸರಿ. ತೂತಿಲ್ಲದ ಚೆಂದದ ಪಿಂಗಾಣಿ ಕುಂಡ ಸಿಕ್ಕಿದರೆ ಅದರೊಳಗೆ ತೂತಿರುವ ಪ್ಲಾಸ್ಟಿಕ್ ಕುಂಡ ಇಳಿಸಿ. ತಳಕ್ಕೆ ಜಲ್ಲಿ ತುಂಬಿದರೆ ನೀರು ಬಸಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ತೂತಿನ ಮೇಲೆ ಒಂದು ಬೋಕಿ ಸಾಕು.

ಹಂತ 8: ಮೊದಲ ತಿಂಗಳು

ಹೊಸ ಗಿಡವನ್ನು ಎರಡು ವಾರ ಬೇರೆ ಗಿಡಗಳಿಂದ ದೂರ ಇಡಿ. ಗೊಬ್ಬರ ಹಾಕಬೇಡಿ. ಜಾಗ ಬದಲಿಸಬೇಡಿ. ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಒಗ್ಗಿಕೊಳ್ಳುತ್ತಿದೆ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಪೊರಕೆ ಕಡ್ಡಿಯನ್ನು ಮಣ್ಣಿಗೆ ಮೂರು ಇಂಚು ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ನೀರು ಬೇಡ. ಒಣಗಿ ಬಂದರೆ ತಳದಿಂದ ಇಳಿಯುವ ತನಕ ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಸ್ನೇಕ್ ಪ್ಲಾಂಟ್‌ಗೆ ಒಣಗಿದ ಮೇಲೂ ನಾಲ್ಕು ದಿನ ತಡೆಯಿರಿ. ದಿನಾ ಒಂದು ಲೋಟ ಅನ್ನುವುದೇ ಗಿಡಗಳನ್ನು ಕೊಲ್ಲುವ ಪದ್ಧತಿ, ಮೇಲೆ ಒದ್ದೆ, ಒಳಗೆ ಒಣ, ತಳದಲ್ಲಿ ಉಪ್ಪು.

ಬಾಟಲಿ ನೀರಿನ ಮನಿ ಪ್ಲಾಂಟ್ ಇದ್ದರೆ ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿಯ ಒಳಗೋಡೆ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ಸುಮ್ನೆ ನೀರು ಚೆಲ್ಲಿದರೆ ಹೋಗಲ್ಲ. ಆರೋಗ್ಯಕ್ಕೆ ಅಂತ ತಂದ ಗಿಡದಿಂದಲೇ ಜ್ವರ ಬಂದರೆ ಏನು ಚೆಂದ?

ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸಿ. ಅದಿರು ಲಾರಿಗಳು ಓಡಾಡುವ ರಸ್ತೆಯ ಮನೆಯಾದರೆ ವಾರಕ್ಕೆ ಎರಡು ಸಲ, ಬಟ್ಟೆಯ ಬಣ್ಣ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಕೂಲರ್ ಗಾಳಿ ನೇರ ಬಡಿಯುವ ಜಾಗದಿಂದ ಗಿಡ ಸರಿಸಿ.

ಹಂತ 9: ಅಪಾಯದ ಗುರುತುಗಳು

ಕೆಳಗಿನ ಎಲೆ ಹಳದಿ, ಮಣ್ಣು ಒದ್ದೆ: ನೀರು ಜಾಸ್ತಿ. ಮಣ್ಣಿಗೆ ಕೊಳೆತ ವಾಸನೆಯೂ ಇದ್ದರೆ ಕಾಯಬೇಡಿ, ಅವತ್ತೇ ಗಿಡ ಕಿತ್ತು, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಒಣ ಮಣ್ಣಿಗೆ ಹಾಕಿ.

ಎಲೆಯ ತುದಿ ಮಾತ್ರ ಕಂದು, ಕುಂಡದ ಅಂಚಿಗೆ ಬಿಳಿ ಪೊರೆ: ನೀರಿನ ಉಪ್ಪು. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಲ್ಲಿಟ್ಟು ಒಳ್ಳೆಯ ನೀರನ್ನು ಕುಂಡದ ಅಳತೆಯ ಮೂರು ಪಟ್ಟು ಹರಿಸಿ ತೊಳೆಯಿರಿ.

ಎಲೆಯ ನಡುವೆ ಬಿಳಿಚಿದ, ಕಾಗದದಂಥ ಕಲೆ: ಬಿಸಿಲಿಗೆ ಸುಟ್ಟಿದೆ. ಆ ಎಲೆ ಮತ್ತೆ ಹಸಿರಾಗಲ್ಲ, ಗಿಡ ಹಿಂದೆ ಸರಿಸಿ. ಕಾಂಡ ಉದ್ದವಾಗಿ ಕಿಟಕಿಯ ಕಡೆ ಬಾಗಿದರೆ ಬೆಳಕು ಸಾಲುತ್ತಿಲ್ಲ.

ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ: ನುಸಿ. ನಮ್ಮ ಒಣ ಬೇಸಿಗೆಯಲ್ಲಿ ಇದೇ ದೊಡ್ಡ ಕಾಟ. ಮೊದಲು ನೀರಿನಿಂದ ಎಲೆಯ ಅಡಿಭಾಗ ತೊಳೆದು, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಿನಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ.

ಮಣ್ಣಿನ ಮೇಲೆ ಸಣ್ಣ ಕರಿ ನೊಣ ಹಾರಾಡಿದರೆ ಔಷಧಿ ಬೇಡ, ಮಣ್ಣು ಆರಲು ಬಿಡಿ.

ಊರಿಗೆ ಹೋಗುವಾಗ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನಾಲ್ಕು ದಿನ ಹೋದರೆ ಏನೂ ಮಾಡಬೇಕಿಲ್ಲ. ಮೇನಲ್ಲಿ ಹತ್ತು ದಿನ ಹೋಗುವುದಾದರೆ ಎಲ್ಲ ಕುಂಡಗಳಿಗೂ ಚೆನ್ನಾಗಿ ನೀರು ಕುಡಿಸಿ, ಬೆಳಕಿರುವ ಬಚ್ಚಲಲ್ಲಿ ಒತ್ತೊತ್ತಾಗಿ ನಿಲ್ಲಿಸಿ. ಪುದೀನಾದಂಥ ಬಾಯಾರುವ ಗಿಡಕ್ಕೆ ಬಕೆಟ್ಟಿನಿಂದ ಮಣ್ಣಿಗೆ ಒಂದು ಹತ್ತಿಯ ಬತ್ತಿ ಎಳೆಯಿರಿ, ಬಕೆಟ್ ಮುಚ್ಚಿರಲಿ. ಪಕ್ಕದ ಮನೆಗೆ ಕೀಲಿ ಕೊಟ್ಟು "ಒಂಚೂರು ನೀರು ಹಾಕ್ರೀ" ಅಂತ ಮಾತ್ರ ಹೇಳಬೇಡಿ. ಹೋದ ಸಲ ಪಕ್ಕದ ಮನೆಯ ಅಕ್ಕ ಪ್ರೀತಿಯಿಂದ ದಿನಾ ಹಾಕಿ, ಐದು ವರ್ಷ ಬಾಗಿಲ ಹಿಂದೆ ಸುಖವಾಗಿದ್ದ ನಮ್ಮ ಸ್ನೇಕ್ ಪ್ಲಾಂಟ್ ಕೊಳೆತು ಹೋಯಿತು. ಈಗ ಕೀಲಿ ಕೊಡುವ ಮುಂಚೆ ಒಂದೊಂದು ಕುಂಡಕ್ಕೂ ಚೀಟಿ ಅಂಟಿಸುತ್ತೇನೆ: "ಇದಕ್ಕೆ ಕೈ ಹಚ್ಚಬ್ಯಾಡ್ರಿ."